ತಲೆದಂಡ ಕೇಳುವ ಮೊದಲು

ಹಾಕಿ ತಂಡ ಸೋತ ದಿನ ನೀವು ಅಣ್ಣ-ತಂಗಿ ಊಟದ ತಟ್ಟೆ ಮುಂದಿಟ್ಟುಕೊಂಡೇ ವಾದಕ್ಕಿಳಿಯುತ್ತೀರಿ ಎಂದು ಅಕ್ಕ ದೂರು ಹೇಳುತ್ತಾಳೆ. ನಾನು ಬೈಯಲು ಬಂದಿಲ್ಲ. ನಿಮ್ಮ ವಾರಿಗೆಯವರೆಲ್ಲ ಕ್ರಿಕೆಟ್ ಬಿಟ್ಟು ಬೇರೆ ಆಟದ ಹೆಸರೆತ್ತದ ಕಾಲದಲ್ಲಿ, ಹಾಕಿ ತಂಡಕ್ಕೆ ಕೋಚ್ ಯಾರಿರಬೇಕು ಎಂದು ನಿದ್ದೆಗೆಡುವ ಮಕ್ಕಳು ನಮ್ಮ ಮನೆಯಲ್ಲಿದ್ದಾರಲ್ಲ, ನಿಮ್ಮ ಸೋದರಮಾವನಿಗೆ ಅದೇ ದೊಡ್ಡ ಸಂತೋಷ. ಆದರೆ ನಿಮ್ಮ ವಾದ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ‘ಮೊದಲು ಕೋಚನ್ನು ತೆಗೀಬೇಕು.’ ಆ ಮಾತಿನ ಬಗ್ಗೆ ನನಗೆ ಒಂದಿಷ್ಟು ಹೇಳುವುದಿದೆ.

2025ರ ಜೂನ್ ನೆನಪಿಸಿಕೊಳ್ಳಿ. ಪ್ರೊ ಲೀಗ್ ಆಡಲು ಯುರೋಪಿಗೆ ಹೋದ ನಮ್ಮ ತಂಡ ಸತತ ಏಳು ಪಂದ್ಯ ಸೋತಿತು. ಕೋಚ್ ಕ್ರೇಗ್ ಫುಲ್ಟನ್ ಅವರ ತಲೆದಂಡವಾಗಲೇಬೇಕು ಎಂದು ಕೂಗಿದವರಲ್ಲಿ ನೀವೂ ಇದ್ದಿರಿ. ಆ ಸೋಲುಗಳಲ್ಲಿ ಹೆಚ್ಚಿನವು ಒಂದೇ ಗೋಲಿನ ಅಂತರದವು ಎಂಬುದನ್ನು ಆಗ ಯಾರೂ ಎಣಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ಕೋಚ್ ಕೆಳಗೆ ತಂಡ ರಾಜಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದು, ವಿಶ್ವಕಪ್‌ಗೆ ನೇರ ಅರ್ಹತೆ ಪಡೆಯಿತು. ಆಮೇಲೆ ಗೆದ್ದರು ಎಂದ ಮಾತ್ರಕ್ಕೆ ಜೂನ್‌ನಲ್ಲಿ ನೀವು ಕೇಳಿದ್ದು ತಪ್ಪಾಗುವುದಿಲ್ಲ. ಏಳು ಪಂದ್ಯ ಸೋತ ತಂಡವನ್ನು ಪ್ರಶ್ನಿಸಲೇಬೇಕು. ಪ್ರಶ್ನೆ ಯಾರ ಮುಂದೆ ಇಡುತ್ತೀರಿ ಎಂಬುದಷ್ಟೇ ನನ್ನ ಚಿಂತೆ.

ಕೋಚ್‌ಗಳನ್ನು ಬದಲಿಸುವುದರಲ್ಲಿ ನಮ್ಮ ದೇಶಕ್ಕಿರುವಷ್ಟು ಅನುಭವ ಬೇರೆಯವರಿಗೆ ಇರಲಾರದು. 2013ರಲ್ಲಿ ಮೈಕೆಲ್ ನಾಬ್ಸ್ ಹೋದರು. ಟೆರ್ರಿ ವಾಲ್ಶ್ ಬಂದರು. ಅವರು 2014ರಲ್ಲಿ ಇಂಚೆಯೋನ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ, ಹದಿನಾರು ವರ್ಷದ ನಂತರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟರು. ರಿಯೊ ಒಲಿಂಪಿಕ್ಸ್‌ನ ಟಿಕೆಟ್ಟೂ ಆ ಗೆಲುವಿನಿಂದಲೇ ಸಿಕ್ಕಿತು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಯಾರದು ಎಂಬ ಜಗ್ಗಾಟದಲ್ಲಿ ಅವರೂ ಹೊರಟರು. ಪಾಲ್ ವಾನ್ ಆಸ್ 2015ರ ಆರಂಭದಲ್ಲಿ ಬಂದು, ಆಂಟ್ವರ್ಪ್‌ನಲ್ಲಿ ಫೆಡರೇಷನ್ ಅಧ್ಯಕ್ಷರ ಜತೆ ಜಟಾಪಟಿಯಾಗಿ ಅದೇ ಜುಲೈನಲ್ಲಿ ಹೊರಬಿದ್ದರು. ರೋಲಂಟ್ ಓಲ್ಟ್‌ಮನ್ಸ್ 2017ರವರೆಗೆ ನಡೆಸಿಕೊಂಡು ಹೋದರು. ಬಳಿಕ ಮಹಿಳಾ ತಂಡದ ಕೋಚ್ ಆಗಿದ್ದ ಶೋರ್ಡ್ ಮರೈನ್ ಅವರನ್ನು ಪುರುಷರ ತಂಡಕ್ಕೆ ತಂದರು, ಹರೇಂದ್ರ ಸಿಂಗ್ ಅವರನ್ನು ಮಹಿಳಾ ತಂಡಕ್ಕೆ ಕಳಿಸಿದರು. 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಪುರುಷರಿಗೆ ಪದಕ ಬರಲಿಲ್ಲ ಎಂದು ಇಬ್ಬರನ್ನೂ ಮತ್ತೆ ಅದಲು ಬದಲು ಮಾಡಿದರು. ಆ ವರ್ಷದ ಕೊನೆಗೆ ಭುವನೇಶ್ವರದ ವಿಶ್ವಕಪ್‌ನಲ್ಲಿ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ 1-2ರಿಂದ ಸೋತಿತು. ಹೊಸ ವರ್ಷದ ಮೊದಲ ತಿಂಗಳೇ ಹರೇಂದ್ರರಿಗೂ ಬಾಗಿಲು ತೋರಿಸಿದರು. 2019ರ ಏಪ್ರಿಲ್‌ನಲ್ಲಿ ಗ್ರಹಾಂ ರೀಡ್ ಬಂದರು. ಆರು ವರ್ಷದೊಳಗೆ ಏಳು ಹೆಸರು.

ಅದೇ ಹೊತ್ತಿನಲ್ಲಿ ಬೆಲ್ಜಿಯಂ ಏನು ಮಾಡಿತು ನೋಡಿ. 2015ರಲ್ಲಿ ಶೇನ್ ಮೆಕ್ಲಿಯಾಡ್ ಎಂಬ ನ್ಯೂಜಿಲೆಂಡಿನವರನ್ನು ಕರೆತಂದು ಕೂರಿಸಿತು. ರಿಯೊದಲ್ಲಿ ಬೆಳ್ಳಿ ಬಂತು, ಚಿನ್ನ ತಪ್ಪಿತು ಎಂದು ಅವರನ್ನು ಕಳಿಸಲಿಲ್ಲ. 2018ರಲ್ಲಿ ನಮ್ಮದೇ ಭುವನೇಶ್ವರದಲ್ಲಿ ವಿಶ್ವಕಪ್ ಗೆದ್ದರು. ಟೋಕಿಯೊದಲ್ಲಿ ಚಿನ್ನ ಗೆದ್ದ ಮೇಲೆ ಅವರು ತಾವಾಗಿ ಜಾಗ ಬಿಟ್ಟರು. ಒಂದು ಕಾಲಕ್ಕೆ ಬೆಲ್ಜಿಯಂ ಎಂದರೆ ನಮಗೆ ಲೆಕ್ಕಕ್ಕೇ ಇಲ್ಲದ ತಂಡ. ಅವರ ಹುಡುಗರು ಆರು ವರ್ಷ ಒಂದೇ ಪಾಠವನ್ನು ಒಬ್ಬರ ಬಾಯಿಂದ ಕೇಳಿ ಕಲಿತರು. ಆ ಆರು ವರ್ಷದಲ್ಲಿ ನಮ್ಮ ಮನ್‌ಪ್ರೀತ್, ಶ್ರೀಜೇಶ್ ಅಂಥವರು ಐವರು ಕೋಚ್‌ಗಳ ಪಾಠ ಕೇಳಿದರು.

ಕೋಚ್ ಬದಲಾದರೆ ಆಟಗಾರನಿಗೆ ಏನಾಗುತ್ತದೆ ಎಂಬುದು ಟಿ.ವಿ.ಯಲ್ಲಿ ಕಾಣುವುದಿಲ್ಲ. ಒಬ್ಬರು ಬಂದು, ಎದುರಾಳಿ ತಂಡದ ಒಬ್ಬೊಬ್ಬನಿಗೂ ನಮ್ಮವನೊಬ್ಬ ಅಂಟಿಕೊಂಡು ಆಡಬೇಕು ಎನ್ನುತ್ತಾರೆ. ಇನ್ನೊಬ್ಬರು ಬಂದು, ಮನುಷ್ಯನನ್ನು ಬಿಡಿ, ನಿಮ್ಮ ಪಾಲಿನ ಜಾಗ ಕಾಯಿರಿ ಎನ್ನುತ್ತಾರೆ. ಚೆಂಡು ಕಳೆದುಕೊಂಡ ಕೂಡಲೇ ಮೇಲೆ ಬೀಳಬೇಕೋ, ಅರ್ಧ ಮೈದಾನದವರೆಗೆ ಹಿಂದೆ ಸರಿದು ನಿಲ್ಲಬೇಕೋ ಎಂಬುದನ್ನು ಆಟಗಾರ ಯೋಚಿಸಿ ಮಾಡುವಂತಿಲ್ಲ. ಅವನ ಕಾಲಿಗೇ ಅದು ಗೊತ್ತಿರಬೇಕು. ಕಾಲಿಗೆ ಒಂದು ರೂಢಿಯಾಗಲು ವರ್ಷಗಟ್ಟಲೆ ಕ್ಯಾಂಪ್ ಬೇಕು, ಅದನ್ನು ಮರೆಸಲು ಮತ್ತಷ್ಟು ಕಾಲ ಬೇಕು. ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮವರು ಗೋಲು ಬಿಟ್ಟುಕೊಟ್ಟಾಗ ‘ಗಟ್ಟಿ ಮನಸ್ಸಿಲ್ಲ’ ಎಂದು ಬೈಯುತ್ತೇವೆ. ಎಷ್ಟೋ ಸಲ ಅಲ್ಲಿ ಇರುವುದು ಗೊಂದಲ. ದಣಿದ ಹೊತ್ತಿನಲ್ಲಿ ಒಬ್ಬ ಹಳೆಯ ಪಾಠದಂತೆ ಮುಂದೆ ನುಗ್ಗುತ್ತಾನೆ, ಇನ್ನೊಬ್ಬ ಹೊಸ ಪಾಠದಂತೆ ಹಿಂದೆ ಸರಿಯುತ್ತಾನೆ, ನಡುವಿನ ಖಾಲಿ ಜಾಗದಲ್ಲಿ ಚೆಂಡು ಹೋಗುತ್ತದೆ.

ರೀಡ್ ಅವರ ಕಥೆಯನ್ನು ನೀವು ಬಿಡಿಸಿ ಓದಬೇಕು ಎಂದು ನನಗೆ ಬಹಳ ಆಸೆ. 2021ರ ಜುಲೈ 25ರಂದು ಟೋಕಿಯೊದಲ್ಲಿ ಆಸ್ಟ್ರೇಲಿಯಾ ನಮಗೆ ಏಳು ಗೋಲು ಹೊಡೆಯಿತು, ನಾವು ಹೊಡೆದದ್ದು ಒಂದು. ಆ ರಾತ್ರಿ ನಮ್ಮಂಥವರ ಕೈಯಲ್ಲಿ ಅಧಿಕಾರವಿದ್ದಿದ್ದರೆ ಕೋಚ್ ಮುಂದಿನ ವಿಮಾನ ಹತ್ತುತ್ತಿದ್ದರು. ಆಗಸ್ಟ್ 5ರಂದು ಅದೇ ತಂಡ ಜರ್ಮನಿಯ ವಿರುದ್ಧ 1-3ರಿಂದ ಹಿಂದೆ ಬಿದ್ದು, 5-4ಕ್ಕೆ ಪಂದ್ಯ ಗೆದ್ದು, 41 ವರ್ಷದ ಮೇಲೆ ಒಲಿಂಪಿಕ್ ಪದಕ ತಂದಿತು. ಕೊನೆಯ ಆರೇಳು ಸೆಕೆಂಡಿಗೆ ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರ್ ಅನ್ನು ಶ್ರೀಜೇಶ್ ತಡೆದದ್ದನ್ನು ನೀವೇ ಎಷ್ಟು ಸಲ ಹಾಕಿ ನೋಡಿದ್ದೀರಿ.

ಇನ್ನು 2023ರ ಜನವರಿಗೆ ಬನ್ನಿ. ಒಡಿಶಾದಲ್ಲಿ ವಿಶ್ವಕಪ್. ಇಂಗ್ಲೆಂಡ್ ಜತೆ ಗೋಲಿಲ್ಲದ ಡ್ರಾ ಆಯಿತು, ಅದೇ ಪಂದ್ಯದಲ್ಲಿ ಹಾರ್ದಿಕ್ ಸಿಂಗ್‌ಗೆ ತೊಡೆಯ ಹಿಂಬದಿ ನೋವಾಗಿ ಟೂರ್ನಿಯೇ ಕೈತಪ್ಪಿತು. ಕ್ವಾರ್ಟರ್ ಫೈನಲ್ ತಲುಪಲು ನ್ಯೂಜಿಲೆಂಡ್ ವಿರುದ್ಧ ಆಡುವಾಗ 3-1ರಿಂದ ಮುಂದಿದ್ದವರು 3-3 ಮಾಡಿಕೊಂಡು ಶೂಟೌಟ್‌ನಲ್ಲಿ ಸೋತರು. ಸೋತ ಬಳಿಕ ರೀಡ್ ಹೇಳಿದ್ದು ಒಂದು ಮಾತು: ಈ ತಂಡಕ್ಕೆ ಮನಸ್ಸಿನ ತರಬೇತಿ ಕೊಡುವ ಪರಿಣತರೊಬ್ಬರು ಬೇಕು. ಕೆಲವೇ ದಿನದಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು. ಫುಲ್ಟನ್ ಬಂದ ಮೇಲೆ ಪ್ಯಾಡಿ ಅಪ್ಟನ್ ಅವರನ್ನು ಅದೇ ಕೆಲಸಕ್ಕೆ ಕರೆಸಿಕೊಂಡರು. ರೀಡ್ ಕೇಳಿದ್ದು ಸರಿಯಾಗಿತ್ತು ಎಂದೇ ತಾನೆ ಇದರ ಅರ್ಥ? ಹೀಗಿರುವಾಗ ಆ ಸೋಲಿನ ಪೂರ್ತಿ ಹೊರೆ ಒಬ್ಬನ ಹೆಗಲಿಗೆ ಹೇಗೆ ಬಂತು? ವಿಶ್ವಕಪ್‌ಗೆ ಮುಂಚೆಯೇ ಅಂಥವರೊಬ್ಬರು ತಂಡದ ಜತೆ ಯಾಕಿರಲಿಲ್ಲ ಎಂದು ಯಾರನ್ನು ಕೇಳಬೇಕಿತ್ತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾವು ಪ್ರತಿ ಸಲ ಟ್ರ್ಯಾಕ್‌ಸೂಟ್ ತೊಟ್ಟವನನ್ನೇ ಹಿಡಿಯುತ್ತೇವೆ. ಕ್ಯಾಮೆರಾಕ್ಕೆ ಸಿಗುವ ಮುಖ ಅವನದೊಂದೇ.

ಕೋಚ್‌ನ ಕಾಂಟ್ರ್ಯಾಕ್ಟ್ ನಮ್ಮಲ್ಲಿ ಹೇಗಿದೆ ಎಂಬುದನ್ನೂ ತಿಳಿದುಕೊಳ್ಳಿ. ವಿದೇಶಿ ಕೋಚ್‌ಗೆ ಸಂಬಳ ಬರುವುದು ಸರ್ಕಾರದ ಕಡೆಯಿಂದ, ಕ್ರೀಡಾ ಪ್ರಾಧಿಕಾರದ ಮೂಲಕ. ಅವರಿಗೆ ಕೆಲಸ ಹೇಳುವುದು ಹಾಕಿ ಇಂಡಿಯಾ. ತಂಡಕ್ಕೆ ಪ್ರಾಯೋಜಕತ್ವ 2018ರಿಂದ ಒಡಿಶಾ ಸರ್ಕಾರದ್ದು. ಆಟಗಾರರ ನೌಕರಿ ರೈಲ್ವೆಯಲ್ಲೋ, ತೈಲ ಕಂಪನಿಯಲ್ಲೋ, ಪೊಲೀಸ್ ಇಲಾಖೆಯಲ್ಲೋ. ತಂಡ ಆರಿಸಲು ಬೇರೆ ಸೆಲೆಕ್ಷನ್ ಸಮಿತಿ. ಇಷ್ಟು ಯಜಮಾನರ ನಡುವೆ ಒಬ್ಬ ಹೊರನಾಡಿನವನು ನಿಂತು ‘ಈ ಹುಡುಗ ನನಗೆ ಬೇಕು, ಈ ಕ್ಯಾಂಪ್ ಇಷ್ಟು ದಿನ ನಡೆಯಬೇಕು’ ಎಂದು ಹೇಳಬೇಕು. ಅವನ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂದು ಗೊತ್ತಿಲ್ಲದೆ ಅವನ ಯೋಗ್ಯತೆ ಅಳೆಯುವುದು ನ್ಯಾಯವಲ್ಲ. ವಾಲ್ಶ್ ಪದಕ ಗೆದ್ದೂ ಹೊರನಡೆದದ್ದು ಇದಕ್ಕೇ.

‘ನಮ್ಮವರೇ ಕೋಚ್ ಆಗಬೇಕು, ಹೊರಗಿನವರಿಗೆ ನಮ್ಮ ಆಟ ಅರ್ಥವಾಗಲ್ಲ’ ಎಂದು ನೀನು ಹೇಳುತ್ತೀಯಲ್ಲ ಮಗಾ, ಆ ಮಾತಿಗೆ ನನ್ನ ಅರ್ಧ ಸಮ್ಮತಿ ಇದೆ. ಕೊಡಗಿನ ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ. 1988ರ ಸೋಲ್ ಒಲಿಂಪಿಕ್ಸ್‌ಗೆ ಅವರೇ ಕೋಚ್, ನಾಯಕ ಎಂ.ಎಂ. ಸೋಮಯ್ಯ. ನಮ್ಮಲ್ಲಿ ತಿಳಿದವರಿಗೆ ಬರವಿಲ್ಲ. ಆದರೆ ‘ನಮ್ಮವರು’ ಎಂದು ಕೂರಿಸಿದವರಿಗೆ ಎಷ್ಟು ಕಾಲ ಕೊಟ್ಟಿದ್ದೇವೆ? ಹರೇಂದ್ರ 2016ರಲ್ಲಿ ಲಖನೌದಲ್ಲಿ ಕಿರಿಯರ ವಿಶ್ವಕಪ್ ಗೆದ್ದುಕೊಟ್ಟವರು. ಹಿರಿಯರ ತಂಡ ಅವರ ಕೈಯಲ್ಲಿ ವರ್ಷವೂ ಉಳಿಯಲಿಲ್ಲ. 2002ರ ಕ್ವಾಲಾಲಂಪುರ ವಿಶ್ವಕಪ್‌ನಲ್ಲಿ ಸೆಡ್ರಿಕ್ ಡಿಸೋಜಾ ಅವರನ್ನು ಟೂರ್ನಿ ಮುಗಿಯುವವರೆಗೂ ಇಟ್ಟುಕೊಳ್ಳಲಿಲ್ಲ. ಎಂ.ಕೆ. ಕೌಶಿಕ್ ವಿಷಯವಂತೂ ಈಗ ನೆನೆದರೂ ಹೊಟ್ಟೆ ಉರಿಯುತ್ತದೆ. 1998ರಲ್ಲಿ ಬ್ಯಾಂಕಾಕ್‌ನಲ್ಲಿ ಧನರಾಜ್ ಪಿಳ್ಳೈ ನಾಯಕತ್ವದ ತಂಡ 32 ವರ್ಷದ ನಂತರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. ಫೈನಲ್‌ನಲ್ಲಿ ಕೊರಿಯಾ ಎದುರು ಟೈಬ್ರೇಕರ್. ಗೋಲು ಕಾದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಊರಿಗೆ ಬಂದ ಮೇಲೆ ಧನರಾಜ್, ಆಶಿಶ್ ಸೇರಿ ಹಲವು ಹಿರಿಯರನ್ನು ಮುಂದಿನ ಸರಣಿಯ ತಂಡದಿಂದ ಕೈಬಿಟ್ಟರು, ಕೋಚ್ ಕೌಶಿಕ್ ಅವರನ್ನೂ ತೆಗೆದರು. ಗೆದ್ದವರಿಗೆ ಸಿಕ್ಕ ಉಡುಗೊರೆ ಅದು. ಸೋತರೆ ಕೋಚ್ ಹೋಗುತ್ತಾನೆ ಎಂದಷ್ಟೇ ನೀವು ಅಂದುಕೊಂಡಿದ್ದೀರಿ. ಗೆದ್ದರೂ ಹೋದದ್ದನ್ನು ನನ್ನ ವಾರಿಗೆಯವರು ಕಣ್ಣಾರೆ ನೋಡಿದ್ದೇವೆ.

ಹತ್ತು ವರ್ಷ ಕಳೆದು, 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 0-2ರಿಂದ ಸೋತು, 80 ವರ್ಷದಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೇ ಹೋಗದೆ ಉಳಿದೆವು. ಕೋಚ್ ಜೋಕಿಮ್ ಕರ್ವಾಲೊ ರಾಜೀನಾಮೆ ಕೊಟ್ಟರು. ಆ ಸೋಲಿನ ಬೀಜ ಬಿತ್ತಿದ್ದು ಆ ಒಂದು ಪಂದ್ಯದಲ್ಲಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷ ಬಿಟ್ಟು, ದೆಹಲಿ ವಿಶ್ವಕಪ್‌ಗೆ ಮುಂಚೆ ಪುಣೆಯ ಕ್ಯಾಂಪ್‌ನಲ್ಲಿ ಆಟಗಾರರು ತಮಗೆ ಬರಬೇಕಾದ ಹಣ ಬಂದಿಲ್ಲ ಎಂದು ಅಭ್ಯಾಸವನ್ನೇ ಬಿಟ್ಟು ಕೂತರು. ದೇಶದ ಜೆರ್ಸಿ ತೊಟ್ಟವರು ಸಂಬಳಕ್ಕಾಗಿ ಮುಷ್ಕರ ಹೂಡಬೇಕಾಯಿತು. ಅಂಥ ಮನೆಯಲ್ಲಿ ಯಾವ ಕೋಚ್ ಬಂದು ಏನು ಮಾಡಲು ಸಾಧ್ಯ?

ಈಗ ಹಣದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹಾಕಿ ಇಂಡಿಯಾ ಲೀಗ್ ಏಳು ವರ್ಷ ನಿಂತುಹೋಗಿದ್ದು 2024ರ ಕೊನೆಗೆ ಮತ್ತೆ ಶುರುವಾಯಿತು. ಆ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ ರೂಪಾಯಿ ಸಿಕ್ಕಿದ್ದೇ ಎಲ್ಲಕ್ಕಿಂತ ದೊಡ್ಡ ಮೊತ್ತ. ಮಹಿಳೆಯರಲ್ಲಿ ಉದಿತಾಗೆ 32 ಲಕ್ಷ. ‘ಅಷ್ಟು ಕೊಟ್ಟಿದ್ದು ಹೆಚ್ಚಾಯಿತು’ ಎಂದು ನೀವು ಒಂದು ಸಂಜೆ ಪೂರ್ತಿ ವಾದಿಸಿದಿರಿ. ಒಂದು ಪುರುಷರ ತಂಡ 24 ಆಟಗಾರರನ್ನು ಕೊಳ್ಳಲು ಇದ್ದ ಗಂಟು ನಾಲ್ಕು ಕೋಟಿ. ಅದಾದ ಮುಂದಿನ ತಿಂಗಳೇ ಐಪಿಎಲ್‌ನಲ್ಲಿ ರಿಷಭ್ ಪಂತ್ ಒಬ್ಬರಿಗೆ 27 ಕೋಟಿ ಕೊಟ್ಟರು. ಪಂತ್ ಬಗ್ಗೆ ನನಗೆ ಕೊಂಕಿಲ್ಲ. ಆದರೆ ಮೊಣಕಾಲು ಟರ್ಫ್‌ಗೆ ತರಚಿ, ನೂರು ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಬರುವ ಫ್ಲಿಕ್‌ಗೆ ಮೈಯೊಡ್ಡುವ ಹುಡುಗನ ಸಂಬಳ ಹೆಚ್ಚಾಯಿತು ಎಂಬ ಮಾತು ನಮ್ಮ ಮನೆಯಿಂದ ಬರಬಾರದು.

ಹರ್ಮನ್‌ಪ್ರೀತ್ ಹೆಸರು ಬಂದಿತಲ್ಲ. 2023ರ ವಿಶ್ವಕಪ್‌ನಲ್ಲಿ ಅವರ ಡ್ರ್ಯಾಗ್ ಫ್ಲಿಕ್ ಕೈಕೊಟ್ಟಾಗ ನಾಯಕತ್ವ ಕಿತ್ತುಕೊಳ್ಳಿ ಎಂದವರಿಗೆ ಲೆಕ್ಕವಿಲ್ಲ. ಪ್ಯಾರಿಸ್‌ನಲ್ಲಿ ಅವರೇ ಹತ್ತು ಗೋಲು ಹೊಡೆದು, ಆ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಗಳಿಸಿದರು. ಸ್ಪೇನ್ ವಿರುದ್ಧ ಕಂಚಿನ ಪದಕ ತಂದ ಎರಡೂ ಗೋಲು ಅವರದೇ.

ಪ್ಯಾರಿಸ್‌ನ ಇನ್ನೊಂದು ಪಂದ್ಯವನ್ನು ನೀವು ಮತ್ತೊಮ್ಮೆ, ಚೆಂಡು ಬಿಟ್ಟು ಉಳಿದದ್ದನ್ನೇ ನೋಡುತ್ತ ನೋಡಬೇಕು. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್. ಎರಡನೇ ಕ್ವಾರ್ಟರ್ ಶುರುವಾದ ಸ್ವಲ್ಪಕ್ಕೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲ್‌ಲೈನಿನಿಂದ ಎಲ್ಲರಿಗಿಂತ ಮೊದಲು ಓಡಿ ಹೋಗಿ ಚೆಂಡಿಗೆ ಅಡ್ಡ ಬೀಳುವ ಕೆಲಸ ಅವರದು. ಅವರೇ ಇಲ್ಲ, ಇನ್ನು ನಲವತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿ, ನಮ್ಮವರು ಹತ್ತೇ ಮಂದಿ. ಮಧ್ಯದಲ್ಲಿ ಆಡುವ ಮನ್‌ಪ್ರೀತ್ ಹಿಂದಕ್ಕೆ ಬಂದು ಆ ಜಾಗ ತುಂಬಿದರು. ಫಾರ್ವರ್ಡ್‌ಗಳು ಗೋಲಿನ ಆಸೆ ಬಿಟ್ಟು ನಮ್ಮ ಅರ್ಧಕ್ಕಿಳಿದು ಓಡಿದರು. ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ, ಯಾರೂ ಕೈ ಬೀಸಿ ಕೂಗಾಡಲಿಲ್ಲ. ಎಲ್ಲಿ ನಿಲ್ಲಬೇಕೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. 1-1ಕ್ಕೆ ಪಂದ್ಯ ಹಿಡಿದಿಟ್ಟು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಮೊದಲು ಗೋಲು ಕೊಡದಿರುವುದನ್ನು ಕಲಿಯಿರಿ ಎಂದು ಫುಲ್ಟನ್ ಬಂದ ದಿನದಿಂದ ಹೇಳುತ್ತಿದ್ದಾಗ ‘ಇದು ಭಾರತದ ಹಾಕಿಯೇ ಅಲ್ಲ, ಬರೀ ರಕ್ಷಣೆ’ ಎಂದು ನಾವು ಮೂಗು ಮುರಿದಿದ್ದೆವಲ್ಲ, ಆ ಪಾಠದ ಫಲ ಈ ನಲವತ್ತು ನಿಮಿಷ.

ಅದಕ್ಕೇ ಹೇಳುತ್ತೇನೆ, ವಾದ ಮಾಡುವಾಗ ಸ್ಕೋರ್ ಒಂದನ್ನೇ ಹಿಡಿದುಕೊಳ್ಳಬೇಡಿ. ಸರ್ಕಲ್ ಒಳಗೆ ಎಷ್ಟು ಸಲ ಹೋದೆವು, ಎಷ್ಟು ಪೆನಾಲ್ಟಿ ಕಾರ್ನರ್ ಗಳಿಸಿದೆವು, ಎಷ್ಟನ್ನು ಹಾಳು ಮಾಡಿದೆವು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬದಲಿ ಆಟಗಾರರನ್ನು ಯಾವಾಗ ಇಳಿಸಿದರು ಗಮನಿಸಿ. ಒಬ್ಬ ಹುಡುಗನನ್ನು ಕೈಬಿಟ್ಟರೆ ಅವನ ಜಾಗಕ್ಕೆ ಬಂದವನ ಆಟವನ್ನೂ ಮೂರು ನಾಲ್ಕು ಪಂದ್ಯ ನೋಡಿ, ಆಮೇಲೆ ಸೆಲೆಕ್ಟರ್‌ಗಳನ್ನು ತರಾಟೆಗೆ ತೆಗೆದುಕೊಳ್ಳಿ. ಆ ಹೊತ್ತಿಗೆ ನಿರ್ಧಾರ ಮಾಡಿದವರಿಗೆ ಏನೇನು ಗೊತ್ತಿತ್ತು ಎಂದು ಯೋಚಿಸಿ. ಪಂದ್ಯ ಮುಗಿದ ಮೇಲೆ ನಮಗೆ ಗೊತ್ತಾದದ್ದನ್ನು ಅವರ ತಲೆಗೆ ಕಟ್ಟಬೇಡಿ.

ನಿನಗೆ ಒಂದು ಮಾತು ಬೇರೆಯಾಗಿ ಹೇಳಬೇಕು ಪುಟ್ಟಿ, ಮಹಿಳಾ ತಂಡದ ಆಟವನ್ನು ನೀನು ನಿನ್ನಣ್ಣನಿಗಿಂತ ಚೆನ್ನಾಗಿ ನೋಡುತ್ತೀಯ. ಮರೈನ್ ಅವರನ್ನು ಅತ್ತಿಂದಿತ್ತ ಇತ್ತಿಂದತ್ತ ಎಸೆದಾಡಿದ್ದನ್ನು ಹೇಳಿದೆನಲ್ಲ, ಅದೇ ಮನುಷ್ಯ ಟೋಕಿಯೊದಲ್ಲಿ ಮೊದಲ ಮೂರು ಪಂದ್ಯ ಸೋತ ನಮ್ಮ ಹುಡುಗಿಯರನ್ನು ಆಸ್ಟ್ರೇಲಿಯಾದ ಎದುರು ಗೆಲ್ಲಿಸಿ ನಾಲ್ಕನೇ ಸ್ಥಾನದವರೆಗೆ ತಂದರು. ಅವರ ನಂತರ ಬಂದ ಯಾನಿಕ ಶಾಪ್‌ಮನ್ 2024ರ ಜನವರಿಯಲ್ಲಿ ರಾಂಚಿಯಲ್ಲಿ ಪ್ಯಾರಿಸ್ ಅರ್ಹತೆ ತಪ್ಪಿದ ಮೇಲೆ, ಹೆಣ್ಣು ಎಂಬ ಕಾರಣಕ್ಕೆ ತನ್ನ ಮಾತಿಗೆ ಬೆಲೆ ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳಿ, ಫೆಬ್ರುವರಿಯಲ್ಲಿ ಹೊರಟರು. ಸೋತ ಕೋಚ್‌ನ ನೆಪ ಎಂದು ಹಲವರು ತಳ್ಳಿಹಾಕಿದರು. ಆ ಮಾತನ್ನು ಸುಮ್ಮನೆ ತಳ್ಳಿಹಾಕಬೇಡ. ಸೋತವರು ಹೇಳಿದ್ದೆಲ್ಲ ಸುಳ್ಳಾಗಬೇಕಿಲ್ಲ.

ಟೋಕಿಯೊದಲ್ಲೇ ನಡೆದ ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾ ವಿರುದ್ಧ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಮಾಡಿದ ಭಾರತದ ಮೊದಲ ಮಹಿಳೆ ಅವರು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ತಂಡ ಸೋತ ದಿನ ಹರಿದ್ವಾರದ ಹತ್ತಿರ ಅವರ ಮನೆಯೆದುರು ಕೆಲವರು ಪಟಾಕಿ ಸಿಡಿಸಿ, ಜಾತಿಯ ಹೆಸರೆತ್ತಿ ನಿಂದಿಸಿದರು ಎಂದು ಮನೆಯವರು ದೂರು ಕೊಟ್ಟರು, ಪೊಲೀಸ್ ಪ್ರಕರಣವೂ ಆಯಿತು. ಮಗಳು ಇನ್ನೂ ಟೋಕಿಯೊದಲ್ಲಿದ್ದಳು, ಕಂಚಿನ ಪಂದ್ಯ ಆಡುವುದಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ ತಂದೆಯನ್ನು ಕಳೆದುಕೊಂಡಿದ್ದ ಹುಡುಗಿ ಅವಳು. ಆಟದ ತಪ್ಪು ಹಿಡಿದು ಎಷ್ಟಾದರೂ ಮಾತಾಡಿ. ಆಟಗಾರರ ಜಾತಿ, ಊರು, ಮನೆಮಂದಿ ವಾದದೊಳಗೆ ಬಂದರೆ, ಮಾತಾಡುತ್ತಿರುವವನು ನಿಮ್ಮ ಜೀವದ ಗೆಳೆಯನೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

ಇನ್ನು ನಮ್ಮ ರಾಜ್ಯದ ವಿಷಯ. ಭಾರತ ತಂಡಗಳ ಕ್ಯಾಂಪ್ ನಡೆಯುವುದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ. ಶಾಂತಿನಗರದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹೆಸರಿನ ಹಾಕಿ ಸ್ಟೇಡಿಯಂ ಇದೆ. ಕೊಡಗಿನಲ್ಲಿ 1997ರಲ್ಲಿ ಕರಡ ಊರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡ ಆಡಿದವು. ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವ ಆಟ ಅದು. ಗೋವಿಂದ, ಗಣೇಶ್, ಸೋಮಯ್ಯ, ಅರ್ಜುನ್ ಹಾಲಪ್ಪ, ರಘುನಾಥ್, ಸೋಮವಾರಪೇಟೆಯ ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಎಲ್ಲ ಆ ಮಣ್ಣಿನವರು. 2016ರ ರಿಯೊದಲ್ಲಿ ಸುನಿಲ್, ರಘುನಾಥ್, ಉತ್ತಪ್ಪ ಮೂವರೂ ಆಡಿದ್ದರು. ಐದು ವರ್ಷದ ನಂತರ ಟೋಕಿಯೊದ ಪುರುಷರ ತಂಡದಲ್ಲಿ ಕರ್ನಾಟಕದ ಒಬ್ಬನೂ ಇರಲಿಲ್ಲ, ಪ್ಯಾರಿಸ್‌ನಲ್ಲೂ ಇಲ್ಲ. ಲೀಗ್ ಮತ್ತೆ ಶುರುವಾದಾಗ ಹೈದರಾಬಾದ್‌ಗೆ, ತಮಿಳುನಾಡಿಗೆ, ಬಂಗಾಳಕ್ಕೆ ತಂಡ ಸಿಕ್ಕಿತು, ಬೆಂಗಳೂರಿಗೆ ಇಲ್ಲ.

ಫುಲ್ಟನ್ ಇರಬೇಕೋ ಬೇಡವೋ ಎಂದು ನೀವು ಸುರಿಸುವ ಬೆವರಿನಲ್ಲಿ ಅರ್ಧವನ್ನಾದರೂ ಈ ಕಡೆ ತಿರುಗಿಸಿ. ರಾಜ್ಯದ ಹಾಕಿ ಸಂಸ್ಥೆಗೆ ಇಬ್ಬರೂ ಕೂತು ಒಂದು ಕಾಗದ ಬರೆಯಿರಿ. ಜಿಲ್ಲಾ ಮಟ್ಟದ ಟೂರ್ನಿಗಳು ಎಷ್ಟು ನಡೆಯುತ್ತಿವೆ, ಟರ್ಫ್ ಎಲ್ಲೆಲ್ಲಿ ಇದೆ, ಮಡಿಕೇರಿಯ ಹುಡುಗನಿಗೆ ಟರ್ಫ್ ಮೇಲೆ ವಾರಕ್ಕೆ ಎಷ್ಟು ಗಂಟೆ ಆಡಲು ಸಿಗುತ್ತದೆ, ಕಿರಿಯರ ರಾಷ್ಟ್ರೀಯ ಕ್ಯಾಂಪ್‌ಗೆ ನಮ್ಮವರನ್ನು ಯಾರು ಯಾವ ಪಂದ್ಯ ನೋಡಿ ಆರಿಸುತ್ತಾರೆ ಎಂದು ಕೇಳಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ, ಆಮೇಲೆ ಮಾಹಿತಿ ಹಕ್ಕಿನಡಿ ಕ್ರೀಡಾ ಇಲಾಖೆಗೂ ಒಂದು ಅರ್ಜಿ ಹಾಕಿ. ಶುಲ್ಕ ಹತ್ತೇ ರೂಪಾಯಿ, ಅರ್ಜಿ ಬರೆಯುವುದನ್ನು ನಾನು ಕಲಿಸುತ್ತೇನೆ. ಭಾನುವಾರ ಮನೆಗೆ ಬನ್ನಿ, ಬರುವಾಗ ಆ ಏಳು ಪಂದ್ಯಗಳ ನಿಮ್ಮ ಚೀಟಿಯನ್ನೂ ತನ್ನಿ.